ಅಭ್ಯಂಗ: ಯಾರಿಗೆ, ಯಾವಾಗ?

ಅಭ್ಯಂಗವೆಂದರೆ ದೀಪಾವಳಿಯ ಎಣ್ಣೆಸ್ನಾನವಷ್ಟೇ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆಯುರ್ವೇದವಾದರೋ ಇದನ್ನು ದಿನಚರಿಯ ಅಂಗವೆಂದೇ ಪರಿಗಣಿಸಿದೆ. ಎಣ್ಣೆ ಕಂಡ ಬಂಡಿಯ ಅಚ್ಚಿನಂತೆ ಎಣ್ಣೆ ತಿಕ್ಕಿದ ದೇಹವೂ ದೃಢವಾಗಿರುತ್ತದೆಂಬುದು ಚರಕಸಂಹಿತೆಯ ಅಭಿಪ್ರಾಯ.

ಮರ್ದನದಲ್ಲಿ ಹಲವು ಬಗೆಗಳಿವೆ. ಉಗುರುಬೆಚ್ಚಗಿನ ಎಳ್ಳೆಣ್ಣೆಯಿಂದ ಮೈಯೆಲ್ಲ ನೀವುವುದು ಅಭ್ಯಂಗ. ಒಣಚರ್ಮಕ್ಕೆ, ಬಿಗಿದ ಸ್ನಾಯುಗಳಿಗೆ ಇದು ಹಿತಕರ. ಹುರುಳಿಹಿಟ್ಟಿನಂತಹ ಪುಡಿಯಿಂದ ಉಜ್ಜುವುದು ಉದ್ವರ್ತನ. ಕಫಪ್ರಕೃತಿಯವರಿಗೆ, ಸ್ಥೂಲಕಾಯರಿಗೆ ಇದನ್ನು ವಿಧಿಸಲಾಗಿದೆ. ಅಂಗಾಲಿಗೆ ಎಣ್ಣೆ ತಿಕ್ಕುವುದು ಪಾದಾಭ್ಯಂಗ. ಮಲಗುವ ಮುನ್ನ ಮಾಡಿದರೆ ದಣಿವು ನೀಗಿ ಸುಖನಿದ್ರೆಗೆ ನೆರವಾಗುತ್ತದೆ. ಕೈಕಾಲುಗಳನ್ನು ಉದ್ದುದ್ದವಾಗಿಯೂ ಕೀಲುಗಳನ್ನು ವೃತ್ತಾಕಾರವಾಗಿಯೂ ನೀವುವುದು ಕ್ರಮ.

ಆದರೆ ಜ್ವರ, ಅಜೀರ್ಣಗಳಿರುವಾಗ ಅಭ್ಯಂಗ ಸಲ್ಲದು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ಎಣ್ಣೆಯ ಬಿಸಿಯನ್ನು ಮನೆಯವರಿಂದ ಪರೀಕ್ಷಿಸಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಅದನ್ನು ತಿಕ್ಕಲೇಬಾರದು. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಅದು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಅಪಾಯ. ಬಾಣಂತಿಯರಲ್ಲಿ, ಶಸ್ತ್ರಚಿಕಿತ್ಸೆಯಾದವರಲ್ಲಿ, ಬಹುದಿನ ಹಾಸಿಗೆ ಹಿಡಿದವರಲ್ಲಿ ಈ ಸಂಭವ ಹೆಚ್ಚು. ಅಂತಹ ಬಾವು ಕಂಡಾಗ ಎಣ್ಣೆಯ ಬಟ್ಟಲನ್ನು ಬದಿಗಿಟ್ಟು, ಅಂದೇ ವೈದ್ಯರನ್ನು ಕಾಣತಕ್ಕದ್ದು.