ಹೊಸ ಮನೆಗೆ ಹೊಲದ ಸಿಂಗಾರ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಮನೆ ಸಿಂಗಾರಕ್ಕೆ ಬೇಕಾದ ಸಾಮಗ್ರಿಯ ಬಹುಪಾಲು ಹೊಲ, ಗದ್ದೆ, ತೋಟ, ಹಿತ್ತಲುಗಳಲ್ಲೇ ಸಿಗುತ್ತದೆ. ಕಾವೇರಿಯ ನಾಲೆ ಹರಿಯುವ ಶ್ರೀರಂಗಪಟ್ಟಣ, ಪಾಂಡವಪುರದ ಬಯಲಿನಲ್ಲಿ ಭತ್ತದ ತೆನೆ, ಕಬ್ಬಿನ ಸೂಲಂಗಿ, ಬಾಳೆನಾರು ಇವೆ. ಮಳೆಯನ್ನೇ ನೆಚ್ಚಿದ ಹೊಲಗಳು ಹೆಚ್ಚಿರುವ ನಾಗಮಂಗಲ, ಕೆ.ಆರ್. ಪೇಟೆಯ ಕಡೆ ರಾಗಿ ತೆನೆ, ತೆಂಗಿನ ಕರಟ, ತೆಂಗಿನ ನಾರು ಇವೆ. ಇವುಗಳಲ್ಲಿ ಹೆಚ್ಚಿನವು ಒಲೆಗೋ ತಿಪ್ಪೆಗೋ ಸೇರುತ್ತವೆ. ಮನೆ ಕಟ್ಟಿ ಮುಗಿಸುವ ಹೊತ್ತಿಗೆ ಕೂಡಿಟ್ಟ ಹಣವೆಲ್ಲ ಕರಗಿ, ಮೇಲೆ ಸಾಲವೂ ಹೊತ್ತುಕೊಂಡಿರುವ ಕುಟುಂಬಕ್ಕೆ ಅಂಗಡಿಯ ಅಲಂಕಾರ ಭಾರವಾಗುತ್ತದೆ. ಕೈಯಾರೆ ಮಾಡಿಕೊಳ್ಳುವ ಸಿಂಗಾರಕ್ಕೆ ದಾರ, ಅಂಟು, ಸ್ವಲ್ಪ ಬಣ್ಣ ಸಾಕು. ಉಳಿದದ್ದು ಬಿಡುವು ಮತ್ತು ಶ್ರದ್ಧೆ.

ಮೊದಲು ನೋಡಬೇಕಾದದ್ದು ಗೋಡೆ. ಹೊಸ ಗಾರೆಗೆ ನೀರುಣಿಸಿ ಮುಗಿದ ಮೇಲೂ ಒಳಗಿನ ತೇವ ವಾರಗಟ್ಟಲೆ ಹೊರಬರುತ್ತಲೇ ಇರುತ್ತದೆ. ಅಂಥ ಗೋಡೆಗೆ ತಾಗಿಸಿ ತೆನೆ, ಬಟ್ಟೆ, ಬಿದಿರು ಯಾವುದನ್ನು ತೂಗುಹಾಕಿದರೂ ಹಿಂಬದಿಯಲ್ಲಿ ಬೂಷ್ಟು ಹಿಡಿಯುತ್ತದೆ. ಗೃಹಪ್ರವೇಶದ ದಿನ ಬಾಗಿಲಿಗೆ ಮಾತ್ರ ಅಲಂಕಾರ ಮಾಡಿ, ಒಳಗೋಡೆಗಳನ್ನು ಒಂದು ಬೇಸಿಗೆ ಕಳೆಯುವವರೆಗೆ ಖಾಲಿ ಬಿಡುವುದು ಒಳ್ಳೆಯದು. ಯಾವ ಮೂಲೆಗೆ ಬಿಸಿಲು ಬೀಳುತ್ತದೆ, ಎಲ್ಲಿ ಮಕ್ಕಳ ಓಡಾಟ ಹೆಚ್ಚು ಎಂಬುದೂ ಅಷ್ಟರೊಳಗೆ ತಿಳಿಯುತ್ತದೆ. ಹಳೆಯ ತೊಟ್ಟಿ ಮನೆಗಳಲ್ಲಿ ತೊಲೆಗೆ ಕೊಂಡಿ, ಗೋಡೆಗೆ ಮರದ ಗೂಟ, ದೀಪಕ್ಕೆ ಗೂಡು ಇರುತ್ತಿದ್ದವು. ಏನನ್ನಾದರೂ ತೂಗುಹಾಕಲು ಜಾಗ ಹುಡುಕಬೇಕಿರಲಿಲ್ಲ. ಈಗಿನ ಮನೆಗಳಲ್ಲಿ ಆ ಅನುಕೂಲ ಇಲ್ಲ. ಗಾರೆ ಕೆಲಸದ ನಂತರ ಬಾಗಿಲ ಎತ್ತರದಲ್ಲಿ ಒಂದು ತೆಳು ಮರದ ಪಟ್ಟಿಯನ್ನು ಗೋಡೆಯುದ್ದಕ್ಕೂ ಬಿಗಿಸಿಕೊಂಡರೆ ಮುಂದೆ ಎಷ್ಟು ಬಾರಿ ಅಲಂಕಾರ ಬದಲಿಸಿದರೂ ಗೋಡೆಗೆ ಹೊಸ ತೂತು ಬೀಳುವುದಿಲ್ಲ. ಇದನ್ನು ಬಡಗಿ ಮನೆಯಲ್ಲಿ ಕೆಲಸ ಮಾಡುತ್ತಿರುವಾಗಲೇ ಹೇಳಿ ಮಾಡಿಸಿಕೊಳ್ಳಬೇಕು.

ಬಾಗಿಲಿನ ಮೊದಲ ಅಲಂಕಾರ ಮಾವಿನ ತೋರಣ. ಎಳೆಯ ಕೆಂಪು ಚಿಗುರು ನೋಡಲು ಚೆಂದ, ಆದರೆ ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಬಲಿತ, ದಪ್ಪನೆಯ ಎಲೆ ದಿನಗಟ್ಟಲೆ ತನ್ನ ಆಕಾರ ಬಿಡುವುದಿಲ್ಲ. ಎಲೆಯ ತೊಟ್ಟನ್ನು ಹಗ್ಗದ ಮೇಲಿಂದ ಹಾಯಿಸಿ ಅದೇ ಎಲೆಗೆ ಚುಚ್ಚಿದರೆ ಗಂಟೂ ಬೇಡ, ತಂತಿಯೂ ಬೇಡ. ಹಗ್ಗಕ್ಕೆ ತೆಂಗಿನ ನಾರು ಇಲ್ಲವೇ ನೆನೆಸಿದ ಬಾಳೆನಾರು ಸಾಕು. ಈ ತೋರಣ ಒಣಗಿದ ಮೇಲೆ ಅದರ ಜಾಗಕ್ಕೆ ಪ್ಲಾಸ್ಟಿಕ್ ಎಲೆಯ ಸರ ತಂದು ಕಟ್ಟುವ ರೂಢಿ ಈಗ ಊರೂರಿಗೂ ಬಂದಿದೆ. ಅದು ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ, ದೂಳು ಹಿಡಿಯುತ್ತದೆ, ಎಸೆದರೆ ಮಣ್ಣಿಗೂ ಸೇರುವುದಿಲ್ಲ. ಭತ್ತ ಬೆಳೆಯುವ ನಾಡಿನ ಬಾಗಿಲಿಗೆ ಒಪ್ಪುವ, ವರ್ಷವಿಡೀ ನಿಲ್ಲುವ ತೋರಣವೆಂದರೆ ತೆನೆಯ ತೋರಣ.

ತೆನೆ ತೋರಣದ ಕೆಲಸ ಶುರುವಾಗುವುದು ಗದ್ದೆಯಲ್ಲಿ. ಪೂರ್ತಿ ಒಣಗಿ ನಿಂತ ಪೈರು ಇದಕ್ಕೆ ಬರುವುದಿಲ್ಲ. ಮುಟ್ಟಿದರೆ ಕಾಳು ಉದುರುತ್ತದೆ, ಬಾಗಿಸಿದರೆ ದಂಟು ಮುರಿಯುತ್ತದೆ. ಕಾಳು ಗಟ್ಟಿಯಾಗಿ, ತೆನೆ ಹೊಂಬಣ್ಣಕ್ಕೆ ತಿರುಗಿದ್ದು, ದಂಟಿನಲ್ಲಿ ಇನ್ನೂ ಸ್ವಲ್ಪ ಹಸಿರು ಉಳಿದಿರುವ ನಾಲ್ಕೈದು ದಿನಗಳಲ್ಲಿ ಕೊಯ್ಯಬೇಕು. ಮುಂಗಾರು ಬೆಳೆಯಾದರೆ ಆ ಹೊತ್ತು ಸಾಮಾನ್ಯವಾಗಿ ನವೆಂಬರ್, ಡಿಸೆಂಬರ್‌ನಲ್ಲಿ ಬರುತ್ತದೆ. ಈಗ ಕೊಯ್ಲಿಗೂ ಒಕ್ಕಣೆಗೂ ಒಂದೇ ಯಂತ್ರ ಗದ್ದೆಗೆ ಇಳಿಯುತ್ತದೆ. ಅದು ಹಾದುಹೋದ ಮೇಲೆ ಇಡೀ ತೆನೆ ಒಂದೂ ಸಿಗುವುದಿಲ್ಲ. ಯಂತ್ರ ಬರುವ ಮುನ್ನವೇ ಬದುವಿನ ಬದಿಯ ಒಂದು ಸಾಲನ್ನು ಕುಡುಗೋಲಿನಿಂದ ಕೊಯ್ದು ತೆಗೆದಿಡಬೇಕು. ದಂಟು ಒಂದು ಅಡಿಯಷ್ಟಾದರೂ ಉದ್ದವಿರಲಿ. ಮೂರು ಅಡಿ ಅಗಲದ ಬಾಗಿಲಿಗೆ ಎರಡು ಕೈ ಹಿಡಿಯುವಷ್ಟು ಒಂದು ಸಿವುಡು ಸಾಕಾಗುತ್ತದೆ.

ಕೊಯ್ದ ತೆನೆಯನ್ನು ತಲೆಕೆಳಗಾಗಿ ನೆರಳಿನಲ್ಲಿ ಎರಡು ಮೂರು ದಿನ ತೂಗುಹಾಕಬೇಕು. ಬಿಸಿಲಿಗಿಟ್ಟರೆ ಹೊಂಬಣ್ಣ ಮಾಸಿ ಬಿಳಿಚಿಕೊಳ್ಳುತ್ತದೆ. ಹೆಣೆಯುವ ಮುಂಚೆ ದಂಟಿನ ಭಾಗವನ್ನಷ್ಟೇ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಅದು ಮೆತ್ತಗಾಗಿ ಬಾಗುತ್ತದೆ. ಕಾಳಿಗೆ ನೀರು ತಾಗಬಾರದು. ಆಮೇಲಿನದು ಜಡೆ ಹೆಣೆಯಲು ಬಲ್ಲ ಯಾರ ಕೈಗೂ ಗೊತ್ತಿರುವ ಕೆಲಸ. ಮೂರು ಕಾಲು ಹಿಡಿದು ಹೆಣೆಯುತ್ತಾ, ಪ್ರತಿ ಸುತ್ತಿಗೂ ಮೂರು ನಾಲ್ಕು ತೆನೆಗಳನ್ನು ಒಂದೇ ಬದಿಯಿಂದ ಸೇರಿಸುತ್ತಾ ಹೋಗಬೇಕು. ಜಡೆ ಅಡ್ಡಕ್ಕೆ ಬೆಳೆಯುತ್ತದೆ, ತೆನೆಗಳು ಕೆಳಕ್ಕೆ ಜೋತುಬೀಳುತ್ತವೆ. ದಂಟು ಒಣಗಿದಂತೆ ಕುಗ್ಗುವುದರಿಂದ ಹೆಣಿಗೆ ಬಿಗಿಯಾಗಿಯೇ ಇರಬೇಕು. ಸಡಿಲ ಬಿಟ್ಟರೆ ವಾರದೊಳಗೆ ತೆನೆಗಳು ಜಾರಿ ಬೀಳುತ್ತವೆ. ಎರಡು ತುದಿಗಳಿಗೂ ಕೆಂಪು ನೂಲು ಸುತ್ತಿ, ಚೌಕಟ್ಟಿನ ಎರಡು ಸಣ್ಣ ಕೊಂಡಿಗಳಿಗೆ ಕಟ್ಟಿದರೆ ತೋರಣ ಸಿದ್ಧ. ಹಿಂಬದಿಯಲ್ಲಿ ಒಣಗಿದ ಬೇವಿನ ಕಡ್ಡಿ ಸಿಕ್ಕಿಸಿದರೆ ಹುಳುವಿನ ಕಾಟ ಕಡಿಮೆಯಾಗುತ್ತದೆ. ಜಗುಲಿಯಲ್ಲಿ ಕಟ್ಟಿದ ತೋರಣಕ್ಕೆ ಗುಬ್ಬಿಗಳು ಬರುತ್ತವೆ. ಬರಲೆಂದೇ ಗೊಂಚಲು ಕಟ್ಟುವ ಮನೆಗಳೂ ಇವೆ. ಧಾನ್ಯದ ದಂಟನ್ನು ಹೀಗೆ ಹೆಣೆದು ಮನೆಯಲ್ಲಿಡುವ ಸಂಪ್ರದಾಯ ಭತ್ತದ ನಾಡಿಗಷ್ಟೇ ಸೇರಿದ್ದಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಸುಗ್ಗಿಯ ಕೊನೆಯ ಸಿವುಡಿನ ಗೋಧಿ ದಂಟಿನಿಂದ ಗೊಂಬೆ, ಗಂಟೆ, ಸುರುಳಿಗಳನ್ನು ಹೆಣೆದು ಮುಂದಿನ ಬಿತ್ತನೆಯವರೆಗೆ ಕಾಪಾಡುತ್ತಿದ್ದರು.

ನಾಗಮಂಗಲ, ಕೆ.ಆರ್. ಪೇಟೆಯ ಮನೆಗಳಿಗೆ ರಾಗಿ ತೆನೆ ಇನ್ನೂ ಒಳ್ಳೆಯ ಸಾಮಗ್ರಿ. ರಾಗಿ ಕಾಳಿಗೆ ಹುಳು ಸುಲಭವಾಗಿ ಬೀಳುವುದಿಲ್ಲ. ಹಿಂದೆ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತಿದ್ದ ಧಾನ್ಯ ಅದು. ಒಳಮುಖವಾಗಿ ಬಾಗಿದ ಕಂದು ತೆನೆಗಳನ್ನು ಉದ್ದ ದಂಟಿನೊಂದಿಗೆ ಒಣಗಿಸಿ, ಮಣ್ಣಿನ ಕುಡಿಕೆಯಲ್ಲಿ ಗೊಂಚಲಾಗಿ ನಿಲ್ಲಿಸಿದರೆ ನಡುಮನೆಯ ಮೂಲೆ ತುಂಬುತ್ತದೆ. ಕುಡಿಕೆಯ ತಳಕ್ಕೆ ಒಂದು ಹಿಡಿ ಮರಳು ಹಾಕಿದರೆ ಮಗುಚುವುದಿಲ್ಲ. ಜೊತೆಗೆ ಕಬ್ಬಿನ ಸೂಲಂಗಿ ಒಂದೆರಡು ನಿಂತರೆ ಕಂದು ಬಣ್ಣದ ಮೇಲೆ ಬೆಳ್ಳಿಯ ಹೊಳಪು ಬರುತ್ತದೆ. ಸೂಲಂಗಿಯನ್ನು ಪೂರ್ತಿ ಅರಳುವ ಮುಂಚೆಯೇ ಕೊಯ್ಯಬೇಕು. ಅರಳಿದ್ದು ಮನೆಯೊಳಗೆಲ್ಲ ಅರಳೆಯಂತೆ ಹಾರಾಡುತ್ತದೆ.

ಗೋಡೆಯ ಅಲಂಕಾರಕ್ಕೆ ಹಳೆ ಮೈಸೂರಿನ ಮನೆಗಳಲ್ಲಿ ತಾನಾಗಿಯೇ ಒದಗುವ ವಸ್ತು ಮೊರ. ಗೌರಿ ಹಬ್ಬದ ಬಾಗಿನಕ್ಕೆ ಬಿದಿರಿನ ಮೊರಗಳನ್ನು ಜೋಡಿಯಾಗಿ ಕೊಡುವ ಪದ್ಧತಿಯಿಂದ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ವರ್ಷ ವರ್ಷವೂ ಮೊರಗಳು ಸೇರುತ್ತಾ ಹೋಗಿ ಅಟ್ಟದಲ್ಲಿ ಉಳಿಯುತ್ತವೆ. ಹೊಸ ಮೊರದ ಸಂದುಗಳಲ್ಲಿ ಹಿಟ್ಟು, ಕಾಳು ಸೋರದಂತೆ ಅದಕ್ಕೆ ಮೆಂತ್ಯ ಮತ್ತು ಕಾಗದ ರುಬ್ಬಿ ಮೆತ್ತುವುದು ಅಜ್ಜಿಯರ ಕಾಲದ ಕೆಲಸ. ಅದೇ ವಿಧಾನ ಅಲಂಕಾರದ ಮೊರಕ್ಕೂ ಹೊಂದುತ್ತದೆ. ಹಳೆಯ ಪತ್ರಿಕೆಯ ಕಾಗದವನ್ನು ಚೂರು ಮಾಡಿ ಒಂದೆರಡು ದಿನ ನೆನೆಸಬೇಕು. ಮೆಂತ್ಯವನ್ನು ಬೇರೆಯಾಗಿ ಒಂದು ರಾತ್ರಿ ನೆನೆಸಿ, ಎರಡನ್ನೂ ಸೇರಿಸಿ ನುಣ್ಣಗೆ ರುಬ್ಬಬೇಕು. ಮೆಂತ್ಯದ ಲೋಳೆಯೇ ಇಲ್ಲಿ ಅಂಟು. ಅಂಗಡಿಯ ಅಂಟಿನ ಅಗತ್ಯವಿಲ್ಲ. ಮೊರದ ಒಳಮೈಗೆ ತೆಳ್ಳಗೆ ಸವರಿ ನೆರಳಿನಲ್ಲಿ ಒಣಗಿಸಿದ ಮೇಲೆ ಬಿಸಿಲಿಗಿಡಬೇಕು. ಮೊದಲೇ ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಒಂದೇ ಸಲ ದಪ್ಪಗೆ ಮೆತ್ತುವುದಕ್ಕಿಂತ ಎರಡು ತೆಳು ಪದರ ವಾಸಿ.

ಒಣಗಿದ ಮೈಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟು ಅಥವಾ ಬಿಳಿ ಬಣ್ಣದಿಂದ ಎಳೆ ಬಿಡಿಸಿದರೆ ಮೊರ ಗೋಡೆಯ ಚಿತ್ರವಾಗುತ್ತದೆ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಬಳಸುವುದೂ ಕೆಮ್ಮಣ್ಣು, ಅಕ್ಕಿ, ನಾರಿನ ಕುಂಚವನ್ನೇ. ಮಂಡ್ಯದ ಕಡೆಯ ಮನೆಗಳಿಗೆ ಅವರ ಚಿತ್ತಾರವನ್ನು ನಕಲು ಮಾಡಬೇಕಾದ ಅಗತ್ಯವಿಲ್ಲ. ಅಂಗಳದಲ್ಲಿ ದಿನವೂ ಬಿಡಿಸುವ ಚುಕ್ಕಿ ರಂಗೋಲಿ ಇದೆ. ಏಳು ಚುಕ್ಕಿಯಿಂದ ಒಂದಕ್ಕೆ ಇಳಿಯುವ ರಂಗೋಲಿ ಮೊರದ ಅಗಲಕ್ಕೆ ಸರಿಯಾಗಿ ಕೂರುತ್ತದೆ. ಮನೆಯ ಹಿರಿಯರಿಗೆ ನೆನಪಿರುವ ರಂಗೋಲಿಗಳನ್ನು ಒಂದೊಂದು ಮೊರದ ಮೇಲೆ ಉಳಿಸಿಕೊಂಡರೆ ಅದಕ್ಕಿಂತ ಬೆಲೆಯ ಅಲಂಕಾರ ಬೇರೆ ಯಾವುದು?

ಕೆಮ್ಮಣ್ಣನ್ನು ಗೋಡೆಗೇ ಬಳಿಯುವ ಆಸೆ ಹಲವರಿಗೆ ಇರುತ್ತದೆ. ಸುಣ್ಣದ ಗೋಡೆಗೆ ಅದು ಹಿಡಿಯುತ್ತದೆ. ಈಗಿನ ಪ್ಲಾಸ್ಟಿಕ್ ಎಮಲ್ಷನ್ ಬಳಿದ ಗೋಡೆಯ ಮೇಲೆ ನಿಲ್ಲುವುದಿಲ್ಲ, ಕೈ ತಾಗಿದರೆ ಪುಡಿಯಾಗಿ ಉದುರುತ್ತದೆ. ಅಲ್ಲಿಗೆ ಮನೆಗೆ ಬಣ್ಣ ಬಳಿದು ಉಳಿದ ಡಬ್ಬಿಯೇ ಉತ್ತಮ. ಮಿಕ್ಕ ಬಿಳಿ ಬಣ್ಣಕ್ಕೆ ಸ್ಟೇನರ್‌ನ ಕೆಲವು ಹನಿ ಬೆರೆಸಿದರೆ ಬೇಕಾದ ಛಾಯೆ ಸಿಗುತ್ತದೆ. ಪೇಂಟರ್ ಹೋಗುವಾಗ ಈ ಡಬ್ಬಿಗಳನ್ನು ಎಸೆಯದಂತೆ ನೋಡಿಕೊಳ್ಳಬೇಕು. ಬಳಸಿ ಬಿಸಾಡುವ ಎಕ್ಸ್‌ರೇ ಹಾಳೆಯ ಮೇಲೆ ಬಳ್ಳಿಯೋ ಹಂಸವೋ ಬರೆದು, ಚೂಪು ಬ್ಲೇಡಿನಿಂದ ಕತ್ತರಿಸಿದರೆ ಅಚ್ಚು ಸಿದ್ಧ. ಅಚ್ಚನ್ನು ಗೋಡೆಗೆ ಒತ್ತಿ ಹಿಡಿದು, ಹೆಚ್ಚು ಬಣ್ಣ ಹೀರದ ಸ್ಪಂಜಿನಿಂದ ತಟ್ಟಬೇಕು. ಕುಂಚದಿಂದ ಎಳೆದರೆ ಬಣ್ಣ ಅಚ್ಚಿನಡಿ ನುಗ್ಗಿ ಅಂಚು ಕೆಡುತ್ತದೆ.

ಇಂಥ ಅಚ್ಚುಗಳಿಗೆ ಮಾದರಿ ಹುಡುಕಿ ದೂರ ಹೋಗಬೇಕಿಲ್ಲ. ಕೆ.ಆರ್. ಪೇಟೆಯ ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ 13ನೇ ಶತಮಾನದ ಹೊಯ್ಸಳ ಕಟ್ಟಡ. ಅದರ ಅಧಿಷ್ಠಾನದ ಸುತ್ತ ಆನೆ, ಕುದುರೆ, ಬಳ್ಳಿ, ಮಕರ, ಹಂಸಗಳ ಸಾಲು ಪಟ್ಟಿಗಳು ಹರಿಯುತ್ತವೆ. ಬಳ್ಳಿಯ ಪಟ್ಟಿಯ ಒಂದು ಸುರುಳಿಯನ್ನು ಕಾಗದಕ್ಕೆ ನೋಡಿ ಬರೆದುಕೊಂಡರೆ, ಅದನ್ನೇ ಒಂದರ ಪಕ್ಕ ಒಂದು ಒತ್ತುತ್ತಾ ಇಡೀ ಗೋಡೆಯ ಅಂಚನ್ನು ತುಂಬಬಹುದು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್‌ನ ಒಳಗೋಡೆ, ಕಂಬ, ಚಾವಣಿಗಳ ಮೇಲೆ ಹೂಬಳ್ಳಿಯ ಚಿತ್ರಗಳು ದಟ್ಟವಾಗಿವೆ. ಗಂಜೀಫಾ ಆಟದ ಎಲೆಗಳೂ ಇದೇ ಊರಿನ ಹೆಮ್ಮೆ. ಮೈಸೂರು ಅರಸರ ಕಾಲದಲ್ಲಿ ಆಡುತ್ತಿದ್ದ ಈ ದುಂಡು ಎಲೆಗಳ ಚಿತ್ರಕಲೆಗೆ ಶ್ರೀರಂಗಪಟ್ಟಣದಲ್ಲಿ ನೆಲೆಸಿ ಹೊಸ ಜೀವ ತುಂಬಿದವರು ಕಲಾವಿದ ರಘುಪತಿ ಭಟ್ಟರು. ದಪ್ಪ ರಟ್ಟನ್ನು ದುಂಡಗೆ ಕತ್ತರಿಸಿ, ಅಂಚಿಗೆ ಗಾಢ ಬಣ್ಣ, ನಡುವೆ ಒಂದೇ ಹೂ ಅಥವಾ ಹಕ್ಕಿ ಬರೆದು ಸಾಲಾಗಿ ತೂಗುಹಾಕುವುದು ಮಕ್ಕಳೂ ಮಾಡಬಲ್ಲ ಕೆಲಸ.

ಕರಟದ ಕೆಲಸಕ್ಕೆ ತಾಳ್ಮೆ ಹೆಚ್ಚು ಬೇಕು. ಬಲಿತ ಕಾಯಿಯ ಕರಟ ಗಟ್ಟಿ; ಎಳೆಯದು ಒಣಗಿದ ಮೇಲೆ ಸೀಳುತ್ತದೆ. ಹೊರಗಿನ ನಾರನ್ನು ಚಾಕುವಿನಿಂದ ಹೆರೆದು, ಮೊದಲು ಒರಟು, ಆಮೇಲೆ ನಯವಾದ ಉಪ್ಪುಕಾಗದದಿಂದ ಉಜ್ಜಿ, ಕೊನೆಗೆ ಕೊಬ್ಬರಿ ಎಣ್ಣೆ ಸವರಿದರೆ ಕಪ್ಪು ಮಿಶ್ರಿತ ಕಂದು ಹೊಳಪು ಬರುತ್ತದೆ. ವಾರ್ನಿಷ್ ಬೇಡ. ಉಜ್ಜುವಾಗ ಏಳುವ ದೂಳು ಸಣ್ಣದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಕೂತು ಮಾಡಬೇಕು. ಇಡೀ ಕರಟಕ್ಕೆ ಸಣ್ಣ ತೂತುಗಳನ್ನು ಹೂವಿನಾಕಾರದಲ್ಲಿ ಕೊರೆದು ಒಳಗೆ ಕಡಿಮೆ ವ್ಯಾಟಿನ ಎಲ್‌ಇಡಿ ದೀಪ ಇಟ್ಟರೆ ಗೋಡೆಯ ತುಂಬ ಚುಕ್ಕಿ ಬೆಳಕು ಹರಡುತ್ತದೆ. ಬಿಸಿಯೇರುವ ಹಳೆಯ ಬಲ್ಬು ಇದಕ್ಕೆ ಕೂಡದು. ಒಣಗಿದ ಸೋರೆ ಬುರುಡೆಗೂ ಇದೇ ಕ್ರಮ. ಮೈಸೂರಿನ ಕೃಷಿಕಲಾ ಸಂಸ್ಥೆ ಅಂಥ ಬುರುಡೆ ದೀಪಗಳಿಗೆ ಹೆಸರಾಗಿದೆ.

ಬಟ್ಟೆಯ ವಿಷಯದಲ್ಲಿ ಪಾಂಡವಪುರ ತಾಲ್ಲೂಕಿನ ಮೇಲುಕೋಟೆ, ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲ ಎರಡೂ ಕೈಮಗ್ಗದ ಊರುಗಳು. ಸುರೇಂದ್ರ ಕೌಲಗಿಯವರು 1960ರಲ್ಲಿ ಮೇಲುಕೋಟೆಯಲ್ಲಿ ಆರಂಭಿಸಿದ ಜನಪದ ಸೇವಾ ಟ್ರಸ್ಟ್ ಖಾದಿ ನೇಯ್ಗೆಯನ್ನು ನಡೆಸಿಕೊಂಡು ಬಂದಿದೆ. ಹೊಸ ಬಟ್ಟೆ ಕೊಳ್ಳುವ ಮುಂಚೆ ಪೆಟ್ಟಿಗೆಯಲ್ಲಿರುವ ಹಳೆಯ ಹತ್ತಿ ಸೀರೆಯನ್ನು ನೋಡಬೇಕು. ಐದೂವರೆ ಮೀಟರಿನ ಸೀರೆಯಿಂದ ಮಡಿಕೆ ಸೇರಿ ಎರಡೂಕಾಲು ಮೀಟರಿನ ಎರಡು ಬಾಗಿಲ ಪರದೆ ಬರುತ್ತವೆ. ಸೀರೆಯ ಅಗಲ ಬಾಗಿಲಿನ ಮೂರು ಅಡಿಗಿಂತ ಹೆಚ್ಚಿರುವುದರಿಂದ ಸಣ್ಣ ನೆರಿಗೆಗೂ ಸಾಕು. ಉಳಿದ ಒಂದು ಮೀಟರಿನಲ್ಲಿ ಎರಡು ದಿಂಬಿನ ಹೊದಿಕೆ ಹೊಲಿಯಬಹುದು. ಸೆರಗು ನೆಲದ ಕಡೆ ಬರುವಂತೆ ಇಟ್ಟರೆ ಆ ಪರದೆಗೆ ತೂಕ ಸಿಗುತ್ತದೆ.

ಲೋಹ ಎರಕಕ್ಕೆ ಹೆಸರಾದ ನಾಗಮಂಗಲದ ಕಡೆ ಹಿರಿಯರ ಹಿತ್ತಾಳೆ ಚೊಂಬು, ಗಂಟೆ, ದೀಪ ಇಲ್ಲದ ಮನೆ ವಿರಳ. ಹುಣಿಸೆಹಣ್ಣು, ಉಪ್ಪು ಹಚ್ಚಿ ಉಜ್ಜಿ, ತೊಳೆದು ಒರೆಸಿ ಇಟ್ಟರೆ ಅವುಗಳ ಮುಂದೆ ಹೊಸ ಶೋಪೀಸು ಬೇಡ. ಅದೇ ತಾಲ್ಲೂಕಿನ ಆದಿಚುಂಚನಗಿರಿ ನವಿಲುಧಾಮಕ್ಕೆ ಹೋದವರು ಗರಿ ಆರಿಸಿ ತರಲು ಮನಸ್ಸು ಮಾಡುವುದುಂಟು. ವನ್ಯಜೀವಿ ಧಾಮದಿಂದ ಅನುಮತಿಯಿಲ್ಲದೆ ಏನನ್ನೂ ತರುವಂತಿಲ್ಲವೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಹೊಸ ಮನೆಯ ಸಿಂಗಾರಕ್ಕೆ ಗರಿಯ ಆಸೆ ಬಿಡುವುದೇ ಸರಿ.

ಈ ವಸ್ತುಗಳೆಲ್ಲ ಮಣ್ಣಿನವು, ಗಿಡದವು, ಆರೈಕೆ ಬೇಡುತ್ತವೆ. ತೆನೆಯ ತೋರಣವನ್ನು ಒಲೆ, ದೀಪ, ಅಗರಬತ್ತಿಗಳಿಂದ ದೂರ ಇಡಬೇಕು. ಮಳೆಗಾಲದಲ್ಲಿ ಮೊರ, ಬುರುಡೆಗಳನ್ನು ಬಿಸಿಲು ಬಿದ್ದ ದಿನ ಹೊರಗೆ ತೆಗೆದು ಒಣಗಿಸಿ, ಒಣ ಬಟ್ಟೆಯಿಂದ ಒರೆಸಬೇಕು. ಕರಟಕ್ಕೆ ವರ್ಷಕ್ಕೊಮ್ಮೆ ಎಣ್ಣೆ ಸವರಬೇಕು. ಹೊಸ ತೆನೆ ಬಂದಾಗ ಹಳೆಯ ತೋರಣವನ್ನು ಇಳಿಸಿ, ಉಳಿದ ಕಾಳನ್ನು ಹಕ್ಕಿಗೂ ಹುಲ್ಲನ್ನು ದನಕ್ಕೂ ಹಾಕಬಹುದು. ನೂಲನ್ನು ಮಾತ್ರ ಮೊದಲೇ ಬಿಡಿಸಿ ತೆಗೆದಿರಬೇಕು.