ವೈಜ್ಞಾನಿಕ ಕಥಾಚಿತ್ರವೊಂದರ ವಾದ್ಯಸಂಗೀತ

ಚಲಚ್ಚಿತ್ರದ ಹಿನ್ನೆಲೆ ಸಂಗೀತವು ಇತಿಹಾಸದ ಅಭ್ಯಾಸಿಗಳಿಗೆ ತಕ್ಕ ವಿಷಯವೇ ಎಂದು ವಾಚಕರು ಶಂಕಿಸಬಹುದು. ಶಾಸನ, ನಾಣ್ಯ, ಕಟ್ಟಡಗಳಂತೆ ಧ್ವನಿಯೂ ಒಂದು ಆಧಾರವೆಂಬುದು ನಮ್ಮ ಅಭಿಪ್ರಾಯ. 1977ರಲ್ಲಿ ತೆರೆಕಂಡ ಅಮೆರಿಕದ 'ಸ್ಟಾರ್ ವಾರ್ಸ್' ಚಿತ್ರಕ್ಕೆ ಜಾನ್ ವಿಲಿಯಮ್ಸ್ ರಚಿಸಿದ ಸಂಗೀತವು ಇದಕ್ಕೆ ಒಳ್ಳೆಯ ನಿದರ್ಶನ. ಬೀದರ, ಭಾಲ್ಕಿ, ಔರಾದಗಳ ಕಾಲೇಜು ತರಗತಿಗಳಲ್ಲಿ ಕನ್ನಡ, ಮರಾಠಿ, ಉರ್ದು ಮನೆಮಾತಿನವರು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಯಾವ ಭಾಷೆಯ ಪಠ್ಯವನ್ನು ಎತ್ತಿಕೊಂಡರೂ ಒಬ್ಬರಿಗೆ ಸುಲಭ, ಮತ್ತೊಬ್ಬರಿಗೆ ಕಠಿಣ. ಮಾತಿಲ್ಲದ ಸಂಗೀತದ ಮುಂದೆ ಈ ಭೇದವಿಲ್ಲ.

ಗ್ರಹಾಂತರದ ಕಥೆಗೆ ಅಪರಿಚಿತವಾದ ನಾದವೇ ಬೇಕೆಂಬುದು ಅದುವರೆಗಿನ ವಾಡಿಕೆಯಾಗಿತ್ತು. 1951ರ 'ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್' ಚಿತ್ರದಲ್ಲಿ ಬರ್ನಾರ್ಡ್ ಹರ್ಮನ್ ಥೆರೆಮಿನ್ ಎಂಬ, ಕೈ ಸೋಕಿಸದೆಯೇ ನುಡಿಸುವ ವಿದ್ಯುದ್ವಾದ್ಯವನ್ನು ಬಳಸಿದನು. 1956ರ 'ಫರ್ಬಿಡನ್ ಪ್ಲಾನೆಟ್' ಚಿತ್ರದಲ್ಲಂತೂ ಬ್ಯಾರನ್ ದಂಪತಿಗಳು ವಾದ್ಯಗಳನ್ನೇ ಬಿಟ್ಟು ವಿದ್ಯುನ್ಮಂಡಲಗಳಿಂದ ಧ್ವನಿಯನ್ನು ಹುಟ್ಟಿಸಿದರು. ವಿಲಿಯಮ್ಸ್ ಹಿಡಿದ ದಾರಿ ಇದಕ್ಕೆ ವಿರುದ್ಧ. 1977ರ ಮಾರ್ಚಿಯಲ್ಲಿ ಲಂಡನ್ ಸಮೀಪದ ಡೆನ್‌ಹ್ಯಾಮಿನಲ್ಲಿ, ಎಂಬತ್ತಕ್ಕೂ ಹೆಚ್ಚು ವಾದಕರಿದ್ದ ಲಂಡನ್ ಸಿಂಫನಿ ವಾದ್ಯವೃಂದದಿಂದ ಅವರು ನುಡಿಸಿದ್ದು ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಶೈಲಿಯನ್ನು. ಕಣ್ಣಿಗೆ ಕಾಣುವುದೆಲ್ಲ ಹೊಸತಾದುದರಿಂದ ಕಿವಿಗೆ ಪರಿಚಿತವಾದದ್ದು ಬೇಕಾಯಿತು. ವಿಚಿತ್ರಜೀವಿಗಳು ನೆರೆದ ಪಾನಗೃಹದ ದೃಶ್ಯದಲ್ಲಿಯೂ ಕೇಳಿಬರುವುದು 1930ರ ದಶಕದ ಜ್ಯಾಸ್ ಸಂಗೀತದ ಛಾಯೆಯೇ!

ಈ ಶೈಲಿ ಅಮೆರಿಕಕ್ಕೆ ಬಂದದ್ದು ವಲಸೆಯವರಿಂದ. 1933ರ 'ಕಿಂಗ್ ಕಾಂಗ್' ಚಿತ್ರದ ಮ್ಯಾಕ್ಸ್ ಸ್ಟೈನರ್ ವಿಯೆನ್ನಾದಲ್ಲಿ ಹುಟ್ಟಿದವನು. ಎರಿಕ್ ಕೋರ್ನ್‌ಗೋಲ್ಡ್ ಅದೇ ನಗರದ ಪ್ರಸಿದ್ಧ ಯೆಹೂದಿ ಸಂಗೀತಗಾರ. 1938ರಲ್ಲಿ ಹಿಟ್ಲರನು ಆಸ್ಟ್ರಿಯವನ್ನು ನುಂಗಿದಾಗ ಹಾಲಿವುಡ್ಡಿನಲ್ಲಿಯೇ ಉಳಿಯಬೇಕಾಯಿತು. ಅವನ 1942ರ 'ಕಿಂಗ್ಸ್ ರೋ' ಚಿತ್ರದ ಮೊದಲ ಸ್ವರಗಳನ್ನೂ 'ಸ್ಟಾರ್ ವಾರ್ಸ್'ನ ಆರಂಭವನ್ನೂ ಒಂದರ ಬೆನ್ನಿಗೊಂದು ಕೇಳಿದರೆ ಬಾಂಧವ್ಯ ತಾನಾಗಿ ತಿಳಿಯುತ್ತದೆ. ಇದನ್ನು ಕೆಲವರು ಅನುಕರಣವೆಂದು ಹಳಿದಿದ್ದಾರೆ. ನಾವು ಪರಂಪರೆ ಎನ್ನುತ್ತೇವೆ.

ಇನ್ನು ಆಲಿಸುವ ಬಗೆ. ನಮ್ಮ ಸಂಗೀತದ ಕೇಳುಗನು ರಾಗವೊಂದು ಬಗೆಬಗೆಯಾಗಿ ವಿಸ್ತಾರಗೊಳ್ಳುವುದನ್ನು ನಿರೀಕ್ಷಿಸುತ್ತಾನೆ. ಇಲ್ಲಿ ಅಂಥ ವಿಸ್ತಾರ ಕಡಮೆ. ಪಾತ್ರಕ್ಕೋ ಭಾವಕ್ಕೋ ಒಂದೊಂದು ಚಿಕ್ಕ ಸ್ವರಪಂಕ್ತಿಯಿದ್ದು, ಅದನ್ನು ನುಡಿಸುವ ವಾದ್ಯ, ನಡೆಯ ವೇಗ, ಅದರ ಕೆಳಗೆ ಉಳಿದ ವಾದ್ಯಗಳು ಒಟ್ಟಾಗಿ ಹಿಡಿದ ಸ್ವರಗಳು ಇವು ಬದಲಾಗುತ್ತವೆ. 1876ರಲ್ಲಿ ಬೈರಾಯ್ಟಿನಲ್ಲಿ ಪೂರ್ಣವಾಗಿ ಪ್ರಯೋಗಗೊಂಡ ವಾಗ್ನರನ 'ರಿಂಗ್' ಗೀತನಾಟಕಗಳಲ್ಲಿ ಈ ಕ್ರಮವು ಪ್ರೌಢಾವಸ್ಥೆಗೆ ಬಂದಿತು. ಪಾತ್ರ ಪ್ರವೇಶಿಸುವ ಮುನ್ನವೇ ಹಿಮ್ಮೇಳದಿಂದ ಅದನ್ನು ಗುರುತಿಸುವ ಬಯಲಾಟದ ಪ್ರೇಕ್ಷಕನಿಗೆ ಇದು ತೀರ ಹೊಸದಲ್ಲ.

ಒಂದೇ ಸ್ವರಪಂಕ್ತಿಯನ್ನು ಹಿಂಬಾಲಿಸಿದರೆ ಸಾಕು. ಮರುಭೂಮಿಯ ಹೊಲಮನೆಯಲ್ಲಿ ಬೆಳೆದ ತರುಣ ಲ್ಯೂಕ್ ಊರು ಬಿಟ್ಟು ಹೋಗಲು ಹಂಬಲಿಸುತ್ತಾನೆ, ಚಿಕ್ಕಪ್ಪ ಒಪ್ಪುವುದಿಲ್ಲ. ಅವನು ಹೊರಗೆ ಬಂದು, ಮುಳುಗುತ್ತಿರುವ ಎರಡು ಸೂರ್ಯರನ್ನು ನೋಡುತ್ತ ನಿಲ್ಲುತ್ತಾನೆ. (ಔರಾದದಿಂದ ಹೈದರಾಬಾದಿಗೋ ಪುಣೆಗೋ ಹೊರಟುನಿಂತ ತರುಣನಿಗೆ ಈ ಸಂದರ್ಭವನ್ನು ವಿವರಿಸಬೇಕಾಗಿಲ್ಲ.) ಹಾರ್ನ್ ಎಂಬ ಸುರುಳಿ ಕಹಳೆಯೊಂದು ಮೆಲ್ಲನೆ ಆ ಪಂಕ್ತಿಯನ್ನು ನುಡಿಯುತ್ತದೆ, ಅನಂತರ ತಂತಿವಾದ್ಯಗಳು ಅದನ್ನು ಎತ್ತಿಕೊಂಡು ಉಕ್ಕುತ್ತವೆ. ಮಾತು ಒಂದೂ ಇಲ್ಲ.

ಚಿತ್ರದ ಕೊನೆಯ ವಿಜಯಸಭೆಯಲ್ಲಿ ಇದೇ ಪಂಕ್ತಿ ಕಹಳೆಗಳ ಘೋಷವಾಗಿ ಮೊಳಗುತ್ತದೆ. ಹಿಂದೆ ಅರಮನೆಯ ಬಾಗಿಲಿನ ಮೇಲಿನಿಂದ ನಿಯತ ವೇಳೆಗಳಲ್ಲಿ ನಗಾರಿ, ಶಹನಾಯಿಗಳನ್ನು ನುಡಿಸಿ ಪ್ರಭುವಿನ ಅಧಿಕಾರವನ್ನು ಸಾರುತ್ತಿದ್ದ ನೌಬತ್ತಿನ ಹೆಸರು ಬೀದರ ಕೋಟೆಯ ನೌಬತ್ ಖಾನೆಯಲ್ಲಿ ಇಂದಿಗೂ ಉಳಿದಿದೆ. ಒಬ್ಬ ತರುಣನ ಹಂಬಲವಾಗಿದ್ದ ನಾದವು ಇಲ್ಲಿ ಅಂಥ ನೌಬತ್ತಾಗಿದೆ. ಸಾಲುಗಟ್ಟಿ ನಿಂತ ಸೈನಿಕರ ನಡುವಿನ ಈ ದೃಶ್ಯವು 1935ರ ನಾತ್ಸಿ ಪ್ರಚಾರಚಿತ್ರ 'ಟ್ರಯಂಫ್ ಆಫ್ ದಿ ವಿಲ್' ಅನ್ನು ಹೋಲುತ್ತದೆಂದು ವಿಮರ್ಶಕರು ಬರೆದಿದ್ದಾರೆ. ಆ ಆಳ್ವಿಕೆಯಿಂದ ದೇಶಭ್ರಷ್ಟನಾದವನ ಶೈಲಿಯೇ ಇಲ್ಲಿ ಕೇಳಿಬರುತ್ತಿರುವುದನ್ನು ಗಮನಿಸಬೇಕು. ಸಂಗೀತದೊಡನೆ ನೋಡುವಾಗ ಹೋಲಿಕೆ ಹೊಳೆಯುವುದೇ ಇಲ್ಲ. ಅಷ್ಟು ಉಲ್ಲಾಸವನ್ನು ಅದು ತುಂಬುತ್ತದೆ. ಆದುದರಿಂದ ತರಗತಿಯಲ್ಲಿ ಈ ಭಾಗವನ್ನು ಮೊದಲು ಧ್ವನಿಯಿಲ್ಲದೆ, ಅನಂತರ ಧ್ವನಿಯೊಡನೆ ತೋರಿಸುವುದು ಉಚಿತ. ಸೂರ್ಯಾಸ್ತದ ಭಾಗವನ್ನಾದರೋ ಮೊದಲು ಕಣ್ಣುಮುಚ್ಚಿ ಕೇಳಿ ಆಮೇಲೆ ನೋಡುವುದು ಮೇಲು.