ಕಾರ್ಪೊರೇಟ್ ಫೈನಾನ್ಸ್: ಬೇಸಿಗೆ ಕೋರ್ಸಿಗೆ ಸೇರುವ ಮುನ್ನ ಬಿಡಬೇಕಾದ ಏಳು ತಪ್ಪು ಕಲ್ಪನೆಗಳು

ಸೆಮಿಸ್ಟರ್ ಪರೀಕ್ಷೆ ಮುಗಿಯುತ್ತಿದ್ದಂತೆ ಬಿ.ಕಾಂ., ಬಿಬಿಎ ಓದುವವರಿಗೆ ಮಾತ್ರವಲ್ಲ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮೊಬೈಲಿಗೂ ‘ಕಾರ್ಪೊರೇಟ್ ಫೈನಾನ್ಸ್ ಬೇಸಿಗೆ ಕೋರ್ಸ್’ ಜಾಹೀರಾತುಗಳು ಬರತೊಡಗುತ್ತವೆ. ಕೆಲವರು ದುಡ್ಡು ಮಾಡುವ ವಿದ್ಯೆ ಎಂದು ಸೇರುತ್ತಾರೆ, ಕೆಲವರು ಗಣಿತದ ಭಯಕ್ಕೆ ದೂರ ಉಳಿಯುತ್ತಾರೆ. ಎರಡಕ್ಕೂ ಕಾರಣ ವಿಷಯದ ಬಗ್ಗೆ ಇರುವ ತಪ್ಪು ತಿಳಿವಳಿಕೆ. ಎಷ್ಟು ಹಣ, ಯಾವಾಗ, ಎಷ್ಟು ಖಚಿತ? ಕಂಪನಿಯೊಂದು ಪ್ರತಿ ನಿರ್ಧಾರಕ್ಕೂ ಮುನ್ನ ಕೇಳಿಕೊಳ್ಳಬೇಕಾದ ಈ ಮೂರು ಪ್ರಶ್ನೆಗಳೇ ಕಾರ್ಪೊರೇಟ್ ಫೈನಾನ್ಸಿನ ತಿರುಳು.

ತಪ್ಪು ಕಲ್ಪನೆ 1: ಇದು ಷೇರು ಪೇಟೆಯಲ್ಲಿ ಗಳಿಸುವುದನ್ನು ಕಲಿಸುತ್ತದೆ

ಸತ್ಯ: ಯಾವ ಷೇರು ಕೊಳ್ಳಬೇಕು ಎಂಬುದು ಹೂಡಿಕೆದಾರರ ಪ್ರಶ್ನೆ. ಕಾರ್ಪೊರೇಟ್ ಫೈನಾನ್ಸ್ ಕೂರುವುದು ಮೇಜಿನ ಆಚೆ ಬದಿಯಲ್ಲಿ, ಕಂಪನಿಯ ಕುರ್ಚಿಯಲ್ಲಿ. ಹಣವನ್ನು ಯಾವ ಯೋಜನೆಗೆ ಹಾಕಬೇಕು, ಅದನ್ನು ಎಲ್ಲಿಂದ ತರಬೇಕು, ಗಳಿಸಿದ್ದರಲ್ಲಿ ಷೇರುದಾರರಿಗೆ ಎಷ್ಟು ಮರಳಿಸಬೇಕು ಎಂಬ ಮೂರು ನಿರ್ಧಾರಗಳು ಅದರ ವ್ಯಾಪ್ತಿ. ಇನ್ಫೊಸಿಸ್ 2017ರಲ್ಲಿ ಷೇರಿಗೆ ₹1,150ರಂತೆ ₹13,000 ಕೋಟಿ ಮೊತ್ತದ ಷೇರುಗಳನ್ನು ಮರಳಿ ಕೊಂಡಿತು. ಕೈಯಲ್ಲಿರುವ ಹಣಕ್ಕೆ ಒಳಗೆ ಒಳ್ಳೆಯ ಬಳಕೆ ಉಂಟೇ, ಅಥವಾ ಮಾಲೀಕರಿಗೆ ಮರಳಿಸುವುದೇ ಲೇಸೇ ಎಂದು ಅಳೆದು ನೋಡಿದ ಮೇಲೆ ತೆಗೆದುಕೊಳ್ಳುವ ಇಂಥ ನಿರ್ಧಾರವೇ ಈ ಶಾಸ್ತ್ರದ ವಸ್ತು.

ತಪ್ಪು ಕಲ್ಪನೆ 2: ಲಾಭ ಬಂತೆಂದರೆ ಹಣ ಬಂದಂತೆಯೇ

ಸತ್ಯ: ಕೋರ್ಸಿನಲ್ಲಿ ಇದೊಂದೇ ಪಾಠ ಅರ್ಥವಾದರೂ ಕಟ್ಟಿದ ಶುಲ್ಕ ದಂಡವಲ್ಲ. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಘಟಕವೊಂದಿದೆ ಎಂದುಕೊಳ್ಳಿ. ಏಪ್ರಿಲ್‌ನಲ್ಲಿ ₹8 ಲಕ್ಷ ಖರ್ಚು ಮಾಡಿ ₹10 ಲಕ್ಷದ ಮಾಲನ್ನು ಉದ್ರಿಯಲ್ಲಿ ಕೊಟ್ಟಿತು. ಮೇ ತಿಂಗಳಲ್ಲಿ ಆರ್ಡರ್ ಇಮ್ಮಡಿಯಾಯಿತು: ₹16 ಲಕ್ಷ ಖರ್ಚು, ₹20 ಲಕ್ಷದ ಮಾರಾಟ. ಲೆಕ್ಕದ ಪುಸ್ತಕದಲ್ಲಿ ಎರಡೇ ತಿಂಗಳಿಗೆ ₹6 ಲಕ್ಷ ಲಾಭ. ಆದರೆ ಕೊಂಡವರು ಹಣ ಕೊಡುವುದು ಮೂರು ತಿಂಗಳ ನಂತರವಾದರೆ, ಕೈಬಿಟ್ಟುಹೋದದ್ದು ₹24 ಲಕ್ಷ, ಕೈಗೆ ಬಂದದ್ದು ಸೊನ್ನೆ. ಕೂಲಿ, ಕರೆಂಟ್ ಬಿಲ್ಲು, ಉಕ್ಕಿನ ವ್ಯಾಪಾರಿಯ ಬಾಕಿ ಯಾವುದೂ ಜುಲೈವರೆಗೆ ಕಾಯುವುದಿಲ್ಲ. ವ್ಯಾಪಾರ ಬೆಳೆದಷ್ಟೂ ಈ ಕೊರತೆ ಹಿಗ್ಗುತ್ತದೆ. ಹೀಗೆ ಲಾಭದಲ್ಲಿದ್ದೂ ಬಾಗಿಲು ಹಾಕುವ ಘಟಕಗಳುಂಟು.

ಈ ಕಷ್ಟಕ್ಕೆ ಕಾನೂನಿನ ಮದ್ದೂ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದವಿದ್ದರೂ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳ ಬಾಕಿಯನ್ನು 45 ದಿನಗಳೊಳಗೆ ತೀರಿಸಬೇಕು. ಗಡುವು ಮೀರಿದರೆ ಕೊಂಡವರಿಗೆ ಆ ಖರ್ಚನ್ನು ಹಣ ಪಾವತಿಸಿದ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಲು ಬರುವಂತೆ 2023ರಲ್ಲಿ ತೆರಿಗೆ ಕಾನೂನಿಗೂ ತಿದ್ದುಪಡಿ ತರಲಾಯಿತು.

ತಪ್ಪು ಕಲ್ಪನೆ 3: ಸಾಲಕ್ಕೆ ಬಡ್ಡಿ ಉಂಟು, ಷೇರು ಬಂಡವಾಳ ಬಿಟ್ಟಿ

ಸತ್ಯ: ಲಾಭಾಂಶ ಕೊಡಲೇಬೇಕೆಂಬ ನಿಯಮ ಇಲ್ಲದ್ದರಿಂದ ಷೇರು ಬಂಡವಾಳ ಅಗ್ಗವೆಂದು ತೋರುತ್ತದೆ. ವಾಸ್ತವದಲ್ಲಿ ಅದು ಸಾಲಕ್ಕಿಂತ ದುಬಾರಿ. ಕಂಪನಿ ದಿವಾಳಿಯಾದರೆ 2016ರ ದಿವಾಳಿ ಸಂಹಿತೆಯ ಸಾಲಿನಲ್ಲಿ ಷೇರುದಾರರು ನಿಲ್ಲುವುದು ಕಟ್ಟಕಡೆಗೆ. ಎಲ್ಲರಿಗಿಂತ ಹೆಚ್ಚು ಅಪಾಯ ಹೊತ್ತವರು ಎಲ್ಲರಿಗಿಂತ ಹೆಚ್ಚು ಪ್ರತಿಫಲ ನಿರೀಕ್ಷಿಸುವುದು ಸಹಜ. ಆ ನಿರೀಕ್ಷೆಯೇ ಷೇರು ಬಂಡವಾಳದ ಬೆಲೆ.

ಸಾಲಕ್ಕೆ ಇನ್ನೊಂದು ಅನುಕೂಲವಿದೆ. ತೆರಿಗೆ ಲೆಕ್ಕ ಹಾಕುವಾಗ ಬಡ್ಡಿ ಖರ್ಚಿಗೆ ಸೇರುತ್ತದೆ, ಲಾಭಾಂಶ ಸೇರುವುದಿಲ್ಲ. 2019ರಲ್ಲಿ ಬಂದ ರಿಯಾಯಿತಿ ದರದಂತೆ ಸರ್‌ಚಾರ್ಜ್, ಸೆಸ್ ಸೇರಿ ಸುಮಾರು ಶೇ 25.17 ತೆರಿಗೆ ಕಟ್ಟುವ ಕಂಪನಿಗೆ ಶೇ 10ರ ಸಾಲ ನಿಜದಲ್ಲಿ ಬೀಳುವುದು ಸುಮಾರು ಶೇ 7.5ಕ್ಕೆ. ಸಾಲ ಮತ್ತು ಷೇರಿನ ಪ್ರಮಾಣ ಕಂಪನಿಯ ಮೌಲ್ಯವನ್ನು ಬದಲಿಸುತ್ತದೆಯೇ ಎಂಬ ಪ್ರಶ್ನೆಯನ್ನು ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ಮರ್ಟನ್ ಮಿಲ್ಲರ್ 1958ರಲ್ಲೇ ಎತ್ತಿದರು. ತೆರಿಗೆ, ದಿವಾಳಿಯ ನಷ್ಟ ಮುಂತಾದವು ಇಲ್ಲದ ಆದರ್ಶ ಪೇಟೆಯಲ್ಲಿ ಬದಲಾಗದು ಎಂಬುದು ಅವರ ಉತ್ತರ. ನಿಜ ಜಗತ್ತಿನಲ್ಲಿ ತೆರಿಗೆ ಉಳಿತಾಯದ ಆಸೆ ಒಂದು ಕಡೆ, ದಿವಾಳಿಯ ಭಯ ಇನ್ನೊಂದು ಕಡೆ. ಬೆಂಗಳೂರಿನ ಕಿಂಗ್‌ಫಿಶರ್ ಏರ್‌ಲೈನ್ಸ್ 2005ರಲ್ಲಿ ಹಾರಾಟ ಆರಂಭಿಸಿ, ಒಂದು ವರ್ಷವೂ ಲಾಭ ಕಾಣದೆ ಸಾಲದ ಮೇಲೆ ಸಾಲ ಹೊತ್ತು 2012ರ ಅಕ್ಟೋಬರಿನಲ್ಲಿ ನೆಲಕ್ಕಿಳಿಯಿತು. ಸಾಲ ಕೆಟ್ಟದ್ದೆಂದಲ್ಲ, ಆದಾಯ ಏರಿಳಿಯುವ ಉದ್ಯಮಕ್ಕೆ ತಪ್ಪದೆ ಕಟ್ಟಬೇಕಾದ ಬಡ್ಡಿ ಹೊರಲಾರದ ಭಾರ.

ತಪ್ಪು ಕಲ್ಪನೆ 4: ಶೇಕಡಾವಾರು ಪ್ರತಿಫಲ ಹೆಚ್ಚಿರುವ ಯೋಜನೆಯೇ ಉತ್ತಮ

ಸತ್ಯ: ಎರಡು ಯೋಜನೆಗಳಲ್ಲಿ ಒಂದನ್ನೇ ಆರಿಸಬೇಕಿದೆ. ಮೊದಲನೆಯದಕ್ಕೆ ₹1 ಲಕ್ಷ ಹಾಕಿದರೆ ವರ್ಷದಲ್ಲಿ ₹1.5 ಲಕ್ಷ ಬರುತ್ತದೆ, ಅಂದರೆ ಶೇ 50. ಎರಡನೆಯದಕ್ಕೆ ₹10 ಲಕ್ಷ ಹಾಕಿದರೆ ₹13 ಲಕ್ಷ, ಅಂದರೆ ಶೇ 30. ಬಂಡವಾಳದ ಬೆಲೆ ಶೇ 12 ಆದರೆ, ವರ್ಷದ ನಂತರ ಬರುವ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸಿದಾಗ ಮೊದಲನೆಯದರಲ್ಲಿ ಮಿಗುವುದು ಸುಮಾರು ₹34,000, ಎರಡನೆಯದರಲ್ಲಿ ಸುಮಾರು ₹1.6 ಲಕ್ಷ. ಷೇರುದಾರರ ಕೈಸೇರುವುದು ರೂಪಾಯಿ, ಶೇಕಡಾವಾರು ಅಲ್ಲ. ಶೇಕಡಾವಾರು ಪ್ರತಿಫಲ (ಐಆರ್‌ಆರ್) ಮತ್ತು ಹೀಗೆ ಇಂದಿನ ಮೌಲ್ಯಕ್ಕೆ ಇಳಿಸಿದಾಗ ಮಿಗುವ ಮೊತ್ತ (ನಿವ್ವಳ ಪ್ರಸ್ತುತ ಮೌಲ್ಯ) ಬೇರೆ ಬೇರೆ ದಾರಿ ತೋರಿಸಿದಾಗ ನಿವ್ವಳ ಪ್ರಸ್ತುತ ಮೌಲ್ಯವನ್ನೇ ನಂಬಿ ಎಂದು ಪಠ್ಯಪುಸ್ತಕಗಳು ಹೇಳುವುದು ಇದಕ್ಕೇ.

ತಪ್ಪು ಕಲ್ಪನೆ 5: ಷೇರಿನ ಬೆಲೆ ಹೆಚ್ಚಿದ್ದರೆ ಕಂಪನಿ ದೊಡ್ಡದು

ಸತ್ಯ: 2023ರ ಜೂನ್‌ನಲ್ಲಿ ಎಂಆರ್‌ಎಫ್‌ನ ಒಂದು ಷೇರು ₹1 ಲಕ್ಷ ದಾಟಿತು. ಆ ಕಂಪನಿಯ ಒಟ್ಟು ಷೇರುಗಳು ಸುಮಾರು 42 ಲಕ್ಷ ಮಾತ್ರ. ಇನ್ಫೊಸಿಸ್ ಷೇರುಗಳು 400 ಕೋಟಿಗೂ ಹೆಚ್ಚು. ಬೆಲೆಯನ್ನು ಷೇರುಗಳ ಸಂಖ್ಯೆಯಿಂದ ಗುಣಿಸಿದಾಗಲೇ ಕಂಪನಿಯ ಗಾತ್ರ ತಿಳಿಯುತ್ತದೆ, ಆ ಲೆಕ್ಕದಲ್ಲಿ ಇನ್ಫೊಸಿಸ್ ಹಲವು ಪಟ್ಟು ದೊಡ್ಡದು. ಬೋನಸ್ ಷೇರಿನದೂ ಇದೇ ಕತೆ. ಒಂದಕ್ಕೊಂದು ಬೋನಸ್ ಕೊಟ್ಟರೆ, ಅಂದರೆ ಇರುವ ಪ್ರತಿ ಷೇರಿಗೆ ಇನ್ನೊಂದನ್ನು ಉಚಿತವಾಗಿ ಕೊಟ್ಟರೆ, ಷೇರುಗಳು ಇಮ್ಮಡಿಯಾಗಿ ಬೆಲೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ದೋಸೆಯನ್ನು ನಾಲ್ಕಾಗಿ ಹರಿದರೆ ಹಿಟ್ಟು ಹೆಚ್ಚುವುದಿಲ್ಲ.

ತಪ್ಪು ಕಲ್ಪನೆ 6: ಗಣಿತದಲ್ಲಿ ಗಟ್ಟಿಗರಿಗೆ ಮಾತ್ರ

ಸತ್ಯ: ಆರಂಭದ ಕೋರ್ಸಿಗೆ ಬೇಕಾದ್ದು ಶಾಲೆಯಲ್ಲಿ ಕಲಿತ ಶೇಕಡಾವಾರು ಮತ್ತು ಚಕ್ರಬಡ್ಡಿ. ಉಳಿದ ಗುಣಾಕಾರ, ಭಾಗಾಕಾರವನ್ನು ಎಕ್ಸೆಲ್ ಮಾಡುತ್ತದೆ. ಕಷ್ಟವಿರುವುದು ಊಹೆಗಳಲ್ಲಿ. ಮುಂದಿನ ವರ್ಷ ₹10 ಕೋಟಿ ನಗದು ತರುವ ಉದ್ಯಮ, ನಂತರ ಪ್ರತಿವರ್ಷ ಶೇ 4ರಂತೆ ಬೆಳೆಯುತ್ತಲೇ ಹೋದರೆ, ಶೇ 12ರ ದರದಲ್ಲಿ ಅದರ ಇಂದಿನ ಮೌಲ್ಯ ₹125 ಕೋಟಿ. ಬೆಳವಣಿಗೆಯನ್ನು ಶೇ 6 ಎಂದು ಬರೆದರೆ ಅದೇ ಉದ್ಯಮ ಸುಮಾರು ₹167 ಕೋಟಿಯದಾಗುತ್ತದೆ. ಸೂತ್ರ ಅದೇ, ಬದಲಾದದ್ದು ಒಂದು ಅಂಕಿ. ಆ ಅಂಕಿಯನ್ನು ಯಾವ ಆಧಾರದಲ್ಲಿ ಬರೆದಿರಿ ಎಂಬುದಕ್ಕೆ ಉತ್ತರ ಹೇಳಬಲ್ಲವರೇ ಇಲ್ಲಿ ಜಾಣರು.

ತಪ್ಪು ಕಲ್ಪನೆ 7: ದುಬಾರಿ ಕೋರ್ಸ್, ಖಾತ್ರಿ ಕೆಲಸ

ಸತ್ಯ: ಕೆಲವು ವಾರಗಳ ಪ್ರಮಾಣಪತ್ರ ಕೆಲಸ ಕೊಡಿಸುವುದಿಲ್ಲ. ಕಲಿಯಲು ಲಕ್ಷಗಟ್ಟಲೆ ಸುರಿಯಬೇಕಾಗಿಯೂ ಇಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಶ್ವತ್ಥ್ ದಾಮೋದರನ್ ತಮ್ಮ ಕಾರ್ಪೊರೇಟ್ ಫೈನಾನ್ಸ್ ತರಗತಿಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಕೇಂದ್ರ ಸರ್ಕಾರದ ಸ್ವಯಂ ವೇದಿಕೆಯಲ್ಲೂ ಹಣಕಾಸಿನ ಪಾಠಗಳು ಉಚಿತ, ಪ್ರಮಾಣಪತ್ರ ಬೇಕಿದ್ದರಷ್ಟೇ ಪರೀಕ್ಷಾ ಶುಲ್ಕ.

ಹಾಗೆಂದು ಹಣ ಕೊಟ್ಟು ಸೇರುವ ಕೋರ್ಸುಗಳೆಲ್ಲ ವ್ಯರ್ಥವಲ್ಲ. ಸೇರುವ ಮುನ್ನ ಒಂದು ಮಾತು ಕೇಳಿ: ಕೋರ್ಸ್ ಮುಗಿಯುವುದರೊಳಗೆ ನಿಜವಾದ ಒಂದು ಕಂಪನಿಯ ವಾರ್ಷಿಕ ವರದಿಯನ್ನು ನಮ್ಮ ಕೈಯಲ್ಲಿ ಓದಿಸಿ, ಅದರ ನಗದು ಹರಿವಿನ ಪಟ್ಟಿಯನ್ನು ಬಿಡಿಸಿ, ನಮ್ಮದೇ ಊಹೆಗಳ ಮೇಲೆ ಮೌಲ್ಯ ಕಟ್ಟಿಸುತ್ತೀರಾ? ಹೌದೆಂದರೆ ಸೇರಿ. ಬರೀ ಸೂತ್ರ, ಸ್ಲೈಡು, ಪ್ರಮಾಣಪತ್ರ ಎಂದಾದರೆ ಆ ಹಣವನ್ನು ಉಳಿಸಿಕೊಳ್ಳಿ. ಷೇರು ಪೇಟೆಯಲ್ಲಿರುವ ಕಂಪನಿಗಳ ವಾರ್ಷಿಕ ವರದಿಗಳು ಅವುಗಳ ಜಾಲತಾಣದಲ್ಲೇ ಸಿಗುತ್ತವೆ, ಓದಲು ಯಾರಿಗೂ ಶುಲ್ಕ ಕಟ್ಟಬೇಕಿಲ್ಲ.